ಮರಳಲ್ಲಿ ತಿದ್ದಿದ ಅ ಆ ಇ ಈ

ಕಳೆದ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಇನ್ನೂ ನಾಲ್ಕು ತುಂಬದ ಅವಳ ಮಗಳು ಪುಟ್ಟಿ ಪೆನ್ಸಿಲ್ಲು, ಗೆರೆ ಪುಸ್ತಕ ಮುಂದಿಟ್ಟುಕೊಂಡು ಅಳುತ್ತಾ ಕೂತಿದ್ದಳು. ಸ್ಕೂಲ್ ಡೈರಿಯಲ್ಲಿ 'ಬರವಣಿಗೆಯಲ್ಲಿ ಹಿಂದಿದ್ದಾಳೆ, ಮನೆಯಲ್ಲಿ ಅಭ್ಯಾಸ ಮಾಡಿಸಿ' ಅಂತ ಬರೆದಿದ್ದರು. "ನೀನಾದ್ರೂ ಸ್ವಲ್ಪ ಬರೆಸೋ, ನನಗಂತೂ ಸಾಕಾಯ್ತು" ಅಂದಳು ಅಕ್ಕ. ನಾನು ಪುಟ್ಟಿಯ ಕೈ ಹಿಡಿದು 'ಅ' ಬರೆಸಲು ಹೋದೆ. ಪೆನ್ಸಿಲ್ ಮೊನೆ ಮುರಿಯಿತು. ಮಗು ಕೈಯನ್ನು ಫ್ರಾಕಿನೊಳಗೆ ಬಚ್ಚಿಟ್ಟುಕೊಂಡಿತು. ನಾನೂ ಸ್ವಲ್ಪ ಗದರಿಬಿಟ್ಟೆ... ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತೆ.

ಮೂಲೆಯಲ್ಲಿ ಕೂತಿದ್ದ ಅಜ್ಜಿ, "ಬೆರಳು ಮೊದ್ಲು ಕಲೀಬೇಕು ಕಣೋ, ಆಮೇಲೆ ಕಡ್ಡಿ. ನಾನು ಮರಳಲ್ಲಿ ತಿದ್ದಿ ಕಲ್ತಿದ್ದು" ಅಂದರು.

ಇಂಜಿನಿಯರಿಂಗ್ ಓದಿದವನ ಕರ್ಮ ನೋಡಿ, ಅಜ್ಜಿಯ ಮಾತಿಗೂ ದಾಖಲೆ ಹುಡುಕಬೇಕು! ಆ ರಾತ್ರಿ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಸುಮಾರು ನಾನೂರು ವರ್ಷದ ಕಥೆ.

1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಅನ್ನೋ ಇಟಲಿಯ ಪ್ರವಾಸಿ, ಗೋವಾದ ಪೋರ್ಚುಗೀಸ್ ರಾಯಭಾರಿಯ ಜೊತೆ ವೆಂಕಟಪ್ಪ ನಾಯಕನನ್ನು ಕಾಣಲು ಇಕ್ಕೇರಿಗೆ ಹೊರಟಿದ್ದ. ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುವುದನ್ನು ನೋಡಿದ. ನೆಲದ ಮೇಲೆ ನುಣ್ಣನೆ ಮರಳು ಹರಡಿತ್ತು. ಒಬ್ಬ ರಾಗವಾಗಿ ಪಾಠ ಹೇಳುತ್ತಾ ಬೆರಳಲ್ಲಿ ಅಂಕಿ ಬರೆಯುತ್ತಿದ್ದ, ಉಳಿದವರೂ ಹಾಗೇ ಹಾಡಿ ಬರೆಯುತ್ತಿದ್ದರು. ಜಾಗ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುವುದು. ನಮ್ಮ ಮಲೆನಾಡಿನ ಈ ಜಗಲಿ ಶಾಲೆ ಹೀಗೆ ಇಟಲಿಯವನ ಪತ್ರದಲ್ಲಿ ಉಳಿದುಕೊಂಡಿದೆ.

ಇದಕ್ಕಿಂತ ವಿವರವಾದ ಚಿತ್ರ ಸಿಗುವುದು ಬಳ್ಳಾರಿಯಲ್ಲಿ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಊರೂರಿನ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳಿಸಿದ ವರದಿ ಓದಿದರೆ ಶಾಲೆಯೊಳಗೇ ಹೋಗಿ ಬಂದ ಹಾಗಾಗುತ್ತೆ. ಐದು ವರ್ಷಕ್ಕೆ ಮಗು ಶಾಲೆಗೆ. ಮೊದಲ ದಿನ ಗಣೇಶನ ಪೂಜೆ, ಅಯ್ಯನವರು ಬೆರಳು ಹಿಡಿದು ಅಕ್ಕಿಯಲ್ಲಿ ಬರೆಸುವುದು. ಆಮೇಲೆ ನೆಲದ ಮರಳಿನಲ್ಲಿ ಬೆರಳಿಂದಲೇ ಅಕ್ಷರ. ಯುರೋಪಿನವರಂತೆ ಉಚ್ಚಾರಣೆಯಿಂದ ಶುರುಮಾಡದೆ ಇವರು ಬರೆಯುವುದರಿಂದಲೇ ಶುರುಮಾಡುತ್ತಾರೆ ಅಂತ ಕ್ಯಾಂಪ್‌ಬೆಲ್ ಗಮನಿಸಿದ್ದಾನೆ.

ಬೆರಳು ಚೆನ್ನಾಗಿ ಪಳಗಿದ ಮೇಲಷ್ಟೇ ಮುಂದಿನ ಮೆಟ್ಟಿಲು. ಓಲೆಯ ಮೇಲೆ ಕಬ್ಬಿಣದ ಕಂಟ, ಕಾಗದದ ಮೇಲೆ ಲಾಳದ ಲೇಖನಿ, ಅಥವಾ ಹಲಗೆ, ಕಡತದ ಮೇಲೆ ಬಳಪ. ಈ ಜಿಲ್ಲೆಗಳಲ್ಲಿ ಹೆಚ್ಚಾಗಿ ಬಳಸುತ್ತಿದ್ದದ್ದು ಹಲಗೆ, ಕಡತಗಳನ್ನೇ. ಹಲಗೆ ಅಂದರೆ ಒಂದಡಿ ಅಗಲ, ಮೂರಡಿ ಉದ್ದದ ಮರದ ಹಲಗೆ. ಅನ್ನ ಮತ್ತು ಇದ್ದಿಲ ಪುಡಿ ಬಳಿದರೆ ತಯಾರು. ಕಡತ ಅಂದರೆ ಗಂಜಿ ಹಾಕಿ ಬಿರುಸು ಮಾಡಿದ ಬಟ್ಟೆ. ಪುಸ್ತಕದಂತೆ ಮಡಿಸಿ ಇದ್ದಿಲು, ಅಂಟು ಬಳಿದದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಖಾಲಿ. ಇವತ್ತು ಸರ್ಕಾರಿ ಕಚೇರಿಯ ಫೈಲಿಗೆ ಕಡತ ಅಂತೀವಲ್ಲ, ಅದೇ ಪದ!

ಇನ್ನು ಮದರಾಸಿಗೆ ಹೋಗೋಣ. 1789ರಲ್ಲಿ ಅಲ್ಲಿನ ಎಗ್ಮೋರಿನ ಅನಾಥಾಲಯದ ಶಾಲೆಯ ಹೊಣೆ ಹೊತ್ತವನು ಆ್ಯಂಡ್ರ್ಯೂ ಬೆಲ್. ಒಂದು ಬೆಳಿಗ್ಗೆ ಕುದುರೆ ಮೇಲೆ ಹೋಗುವಾಗ ಸ್ಥಳೀಯ ಮಕ್ಕಳು ಮರಳಲ್ಲಿ ಬರೆಯುವುದನ್ನು ಕಂಡ. ತನ್ನ ಶಾಲೆಯಲ್ಲೂ ಹಾಗೇ ಮಾಡಿಸಲು ಹೇಳಿದರೆ ಮೇಷ್ಟರು ಆಗಲ್ಲ ಅಂದರು. ಬೆಲ್ ಆ ಕೆಲಸವನ್ನು ಜಾನ್ ಫ್ರಿಸ್ಕನ್ ಎಂಬ ಎಂಟು ವರ್ಷದ ಹುಡುಗನಿಗೆ ವಹಿಸಿದ. ಹುಡುಗ ಕಲಿಸಿಯೇ ಬಿಟ್ಟ! 1797ರಲ್ಲಿ ಬೆಲ್ ಲಂಡನ್ನಿನಲ್ಲಿ ಇದರ ವರದಿ ಪ್ರಕಟಿಸಿದ. ಅಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬಾತ ಬಡಮಕ್ಕಳ ಶಾಲೆಯಲ್ಲಿ ಮರಳು ತುಂಬಿದ ಮೇಜು ಇಟ್ಟು, ಮೊದಲು ನೇರ ಗೆರೆಯ ಇಂಗ್ಲಿಷ್ ಅಕ್ಷರ, ಆಮೇಲೆ ಓರೆ ಗೆರೆ, ಕೊನೆಗೆ ದುಂಡು ಗೆರೆ ಅಂತ ಕೈಗೆ ಸುಲಭವಾಗುವ ಕ್ರಮ ಹಾಕಿದ.

1907ರಲ್ಲಿ ರೋಮಿನಲ್ಲಿ ಮಕ್ಕಳ ಮನೆ ತೆರೆದ ಮಾರಿಯಾ ಮಾಂಟೆಸ್ಸೊರಿ ಬಳಸಿದ್ದೂ ಒಂದು ಬಗೆಯ ಮರಳೇ. ಬಡಗಿಗಳು ಮರ ಉಜ್ಜುವ ಸ್ಯಾಂಡ್‌ಪೇಪರಿನಲ್ಲಿ ಅಕ್ಷರ ಕತ್ತರಿಸಿ ಅಂಟಿಸಿ, ಮಕ್ಕಳಿಂದ ಎರಡು ಬೆರಳಲ್ಲಿ ಸವರಿಸಿದರು. ಪುಟ್ಟ ಹಿಡಿಯಿರುವ ಮರದ ಸಿಲಿಂಡರ್‌ಗಳನ್ನು ಎತ್ತಿ ಇಡಿಸುತ್ತಾ, ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳನ್ನು ಮೊದಲೇ ಸಜ್ಜು ಮಾಡಿದರು. ಅವರು 1939ರಲ್ಲಿ ಪಾಠ ಹೇಳಲು ಬಂದಿಳಿದದ್ದು ಎಲ್ಲಿಗೆ ಗೊತ್ತಾ? ಮದರಾಸಿನ ಅಡಯಾರಿಗೆ. ಬೆಲ್ ಅಲ್ಲಿ ಶಾಲೆ ವಹಿಸಿಕೊಂಡು ಸರಿಯಾಗಿ 150 ವರ್ಷಕ್ಕೆ!

ಹಳೆಯದೆಲ್ಲ ಬಂಗಾರ ಅಂತ ನಾನು ಹೇಳ್ತಿಲ್ಲ. ಕ್ಯಾಂಪ್‌ಬೆಲ್ ಲೆಕ್ಕದ 533 ಶಾಲೆಗಳಲ್ಲಿ ಮಕ್ಕಳು 6641. ಅದರಲ್ಲಿ ಹೆಣ್ಣುಮಕ್ಕಳು ಬರೀ 60. ತಡವಾಗಿ ಬಂದವರಿಗೆ ಬೆತ್ತದ ಏಟು ಬೇರೆ. ನಮ್ಮ ಪುಟ್ಟಿಗೆ ಆ ಜಗಲಿಯಲ್ಲಿ ಜಾಗ ಸಿಗುತ್ತಿತ್ತು ಅಂತ ಹೇಳೋ ಧೈರ್ಯ ನನಗಿಲ್ಲ. ಆದರೆ ಆ ಅಯ್ಯನವರಿಗೆ ತಿಳಿದಿದ್ದ ಒಂದು ಮಾತನ್ನು ನಾವು ಮರೆತಿದ್ದೇವೆ. ಹುಟ್ಟುವಾಗ ಮಣಿಕಟ್ಟಿನ ಎಂಟು ಮೂಳೆಗಳು ಇನ್ನೂ ಮೃದ್ವಸ್ಥಿ. ಒಂದೊಂದಾಗಿ ಗಟ್ಟಿಯಾಗಲು ವರ್ಷಗಳೇ ಬೇಕು. ಇನ್ನೂ ಬೆಳೆಯುತ್ತಿರುವ ಆ ಕೈಗೆ ಪೆನ್ಸಿಲ್ ಕೊಟ್ಟು 'ಹಿಂದಿದ್ದಾಳೆ' ಅಂದರೆ ಹೇಗೆ? ಮರಳಲ್ಲಿ ತಪ್ಪಿದರೆ ಅಂಗೈಯಲ್ಲಿ ಸವರಿದರಾಯಿತು. ಡೈರಿಯಲ್ಲಿ ಬರೆದದ್ದು ಹಾಗೆ ಅಳಿಸಲ್ಲ.

ಮರುದಿನ ಅಜ್ಜಿ ತಟ್ಟೆಯಲ್ಲಿ ರವೆ ಹರಡಿಕೊಟ್ಟರು. ಪುಟ್ಟಿ 'ಅ' ಬರೆಯಲಿಲ್ಲ. ಬಸವನಹುಳ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಅಳಲಿಲ್ಲ. ಅಕ್ಕ ಡೈರಿಯಲ್ಲಿ 'ಅಭ್ಯಾಸ ನಡೆಯುತ್ತಿದೆ' ಅಂತ ಬರೆದು ಸಹಿ ಹಾಕಿದಳು.

ನಿಮ್ಮ ಮೊದಲ ಅಕ್ಷರ ಯಾವುದರ ಮೇಲೆ? ಅಕ್ಕಿ, ಮರಳು, ಸ್ಲೇಟು? ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ.