ಲ್ಯಾಪ್‌ಟಾಪ್ ನಿಧಾನ ಆಗೋದಕ್ಕೆ ಅರವತ್ತು ವರ್ಷದ ಇತಿಹಾಸ ಇದೆ

ಈ ಸಲದ ಮಾತು ಬಹುತೇಕ ಎಲ್ಲರ ಮನೆಯಲ್ಲೂ ಇರುವ ಒಂದು ವಸ್ತುವಿನ ಬಗ್ಗೆ: ಏಳೆಂಟು ವರ್ಷ ಹಳೆಯ ಲ್ಯಾಪ್‌ಟಾಪ್. ಆನ್ ಮಾಡಿ, ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರೂ ಚಕ್ರ ಇನ್ನೂ ತಿರುಗ್ತಾ ಇರುತ್ತೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಮೆಮೊರಿ ಶೇಕಡಾ 90. 'ವಯಸ್ಸಾಯ್ತು, ಹೊಸದು ತಗೊಳ್ಳಿ' ಅಂತ ಅಂಗಡಿಯವರು ಹೇಳ್ತಾರೆ, ನಾವೂ ತಲೆ ಆಡಿಸ್ತೀವಿ.

ಆದರೆ ಚಿಪ್‌ಗೆ ಮಂಡಿನೋವು ಬರೋದಿಲ್ಲ. 2015ರಲ್ಲಿ ಎಷ್ಟು ಬೇಗ ಕೂಡಿ ಕಳೀತಿತ್ತೋ ಇವತ್ತೂ ಅಷ್ಟೇ ಬೇಗ ಮಾಡುತ್ತೆ. (ಧೂಳು ಕಟ್ಟಿ ಬಿಸಿಯಾಗಿದ್ದರೆ ಮಾತು ಬೇರೆ, ಫ್ಯಾನ್ ಒಮ್ಮೆ ಸ್ವಚ್ಛ ಮಾಡಿಸಿ.) ಹಾಗಾದರೆ ನಿಧಾನ ಆಗಿದ್ದು ಯಾವುದು? ಇದಕ್ಕೆ ಉತ್ತರ ಹುಡುಕ್ತಾ ಹೋದರೆ 1962ರ ಮ್ಯಾಂಚೆಸ್ಟರ್‌ಗೆ ಹೋಗಿ ಮುಟ್ಟುತ್ತೀವಿ.

ಅದಕ್ಕಿಂತ ಸ್ವಲ್ಪ ಮೊದಲು ನಮ್ಮ ಮುಂಬೈಯಲ್ಲೇ ಏನಿತ್ತು ನೋಡಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರ ಹೊತ್ತಿಗೆ ಟಿಫ್ರ್ಯಾಕ್ ಅನ್ನೋ ಕಂಪ್ಯೂಟರ್ ಕೆಲಸ ಮಾಡ್ತಿತ್ತು. ನಮ್ಮ ದೇಶದಲ್ಲೇ ಕಟ್ಟಿದ ಯಂತ್ರ. ಅದರ ಮೆಮೊರಿ 2,048 ವರ್ಡ್, ಒಂದೊಂದು ವರ್ಡ್ 40 ಬಿಟ್. ಇವತ್ತಿನ ಲೆಕ್ಕದಲ್ಲಿ ಬರೀ 10 ಕೆಬಿ. ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಬರುವ ಒಂದು ಶುಭೋದಯದ ಚಿತ್ರಕ್ಕೂ ಅಷ್ಟು ಜಾಗ ಸಾಲಲ್ಲ. ಆ ಕಾಲದ ಯಂತ್ರಗಳಲ್ಲಿ ಪ್ರೋಗ್ರಾಂ ದೊಡ್ಡದಾದರೆ ಬರೆಯುವವನೇ ಅದನ್ನು ತುಂಡು ಮಾಡಿ, ಈಗ ಈ ತುಂಡು ಒಳಗೆ, ಆ ತುಂಡು ಹೊರಗೆ ಅಂತ ಕೈಯಾರೆ ಲೆಕ್ಕ ಹಾಕಬೇಕಿತ್ತು. ಅರ್ಧ ಬುದ್ಧಿ ಇದಕ್ಕೇ ಖರ್ಚು.

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಟಾಮ್ ಕಿಲ್ಬರ್ನ್ ಮತ್ತು ಜೊತೆಗಾರರು ಈ ತಲೆನೋವನ್ನು ಯಂತ್ರಕ್ಕೇ ವಹಿಸಿದರು. ಅವರ ಆ್ಯಟ್ಲಾಸ್ ಕಂಪ್ಯೂಟರ್ 1962ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯ್ತು. ಅದರಲ್ಲಿ ವೇಗದ ಕೋರ್ ಮೆಮೊರಿ ಸುಮಾರು 16 ಸಾವಿರ ವರ್ಡ್, ಪಕ್ಕದಲ್ಲಿ ತಿರುಗುವ ಡ್ರಮ್‌ನಲ್ಲಿ ಸುಮಾರು 96 ಸಾವಿರ. ಪ್ರೋಗ್ರಾಂ ಬರೆಯುವವನಿಗೆ ಮಾತ್ರ ಎರಡೂ ಸೇರಿ ಒಂದೇ ಉಗ್ರಾಣದ ಹಾಗೆ ಕಾಣ್ತಿತ್ತು. ಎಲ್ಲವನ್ನೂ 512 ವರ್ಡ್‌ಗಳ ಪುಟಗಳಾಗಿ ಕತ್ತರಿಸಿ, ಬೇಕಾದ ಪುಟವನ್ನು ಡ್ರಮ್‌ನಿಂದ ಮೇಲಕ್ಕೆ ತಂದು, ಬೇಡದ್ದನ್ನು ಕೆಳಕ್ಕೆ ತಳ್ಳುವ ಕೆಲಸ ಯಂತ್ರದ್ದೇ. ಅಂದರೆ ಇರೋದಕ್ಕಿಂತ ಜಾಸ್ತಿ ಮೆಮೊರಿ ಇದೆ ಅಂತ ಸುಳ್ಳು ಹೇಳೋದು. ನಾನು ಎಂಟೆಕ್ ಮಾಡುವಾಗ ಓದಿದ್ದರಲ್ಲಿ ಇಷ್ಟು ಚೆಂದದ ಸುಳ್ಳು ಇನ್ನೊಂದಿಲ್ಲ. ನಿಮ್ಮ ಲ್ಯಾಪ್‌ಟಾಪ್ ಇವತ್ತು ನಡೆಯೋದೂ ಇದರ ಮೇಲೇ. ಆ್ಯಟ್ಲಾಸ್‌ನ ಒಂದು ಪುಟ ಸುಮಾರು 3 ಕೆಬಿ, ನಿಮ್ಮದು 4 ಕೆಬಿ, ಅಷ್ಟೇ ವ್ಯತ್ಯಾಸ.

ಮನೆ ಮಾತಲ್ಲಿ ಹೇಳೋದಾದರೆ, ಅಡುಗೆ ಕಟ್ಟೆ ಚಿಕ್ಕದು, ಅಟ್ಟ ದೊಡ್ಡದು. ದಿನಾ ಬೇಕಾದ ಡಬ್ಬಿ ಕಟ್ಟೆ ಮೇಲೆ, ಹಬ್ಬಕ್ಕೆ ಬೇಕಾದ ಕಡಾಯಿ ಅಟ್ಟದ ಮೇಲೆ. ವರ್ಷಕ್ಕೆ ನಾಲ್ಕು ಸಲ ಏಣಿ ಹತ್ತಿದರೆ ಯಾರಿಗೂ ತೊಂದರೆ ಇಲ್ಲ. ಆದರೆ ಉಪ್ಪು ತಗೊಳ್ಳೋಕೆ ಏಣಿ ಹತ್ತಬೇಕು, ಉಪ್ಪು ಇಡೋಕೆ ಜಾಗ ಮಾಡಬೇಕು ಅಂತ ಸಾಸಿವೆ ಮೇಲಿಡಬೇಕು, ಮರುಕ್ಷಣ ಸಾಸಿವೆಗೆ ಮತ್ತೆ ಹತ್ತಬೇಕು ಅಂದರೆ? ಅಡುಗೆ ಆಗೋದಿಲ್ಲ, ಬರೀ ಏಣಿ ಹತ್ತಿಳಿಯೋದೇ ಆಗುತ್ತೆ.

ಇದಕ್ಕೆ ಥ್ರ್ಯಾಶಿಂಗ್ ಅಂತಾರೆ. ಹಲವರು ಒಂದೇ ಯಂತ್ರ ಹಂಚಿಕೊಳ್ಳುವ 1960ರ ದಶಕದ ವ್ಯವಸ್ಥೆಗಳಲ್ಲಿ ಇದು ದೊಡ್ಡ ಕಗ್ಗಂಟಾಗಿತ್ತು. ಒಂದಿಷ್ಟು ಕೆಲಸಗಳವರೆಗೆ ಎಲ್ಲ ಚೆನ್ನಾಗೇ ನಡೀತಿತ್ತು, ಇನ್ನೊಂದು ಸೇರಿದ ಕೂಡಲೇ ಯಂತ್ರ ಸ್ವಲ್ಪ ನಿಧಾನ ಆಗ್ತಿರಲಿಲ್ಲ, ಪೂರ್ತಿ ಕುಸಿದು ಕೂರ್ತಿತ್ತು. ಎಂಐಟಿಯಲ್ಲಿ ಸಂಶೋಧನೆ ಮಾಡ್ತಿದ್ದ ಪೀಟರ್ ಡೆನಿಂಗ್ 1968ರಲ್ಲಿ ಎರಡು ಪ್ರಬಂಧಗಳಲ್ಲಿ ಇದನ್ನು ಬಿಡಿಸಿಟ್ಟರು. ಪ್ರತಿ ಪ್ರೋಗ್ರಾಂಗೂ ಆಯಾ ಹೊತ್ತಿಗೆ ನಿಜವಾಗಿ ಬೇಕಾದ ಒಂದಿಷ್ಟು ಪುಟಗಳಿರುತ್ತವೆ, ಅದಕ್ಕೆ ವರ್ಕಿಂಗ್ ಸೆಟ್ ಅಂತ ಹೆಸರಿಟ್ಟರು. ನಡೀತಿರುವ ಎಲ್ಲ ಪ್ರೋಗ್ರಾಂಗಳ ವರ್ಕಿಂಗ್ ಸೆಟ್ ಕೂಡಿದಾಗ ಮೆಮೊರಿಯಲ್ಲಿ ಹಿಡಿಸಿದರೆ ಸರಿ, ಹಿಡಿಸದಿದ್ದರೆ ಕುಸಿತ.

ಇಲ್ಲೊಂದು ತಮಾಷೆ ಇದೆ, ಸ್ವಲ್ಪ ಕರುಣಾಜನಕ ತಮಾಷೆ. ಎಲ್ಲ ಪ್ರೋಗ್ರಾಂಗಳೂ ಡ್ರಮ್ ಮುಂದೆ ಸಾಲು ನಿಂತಾಗ ಸಿಪಿಯು ಕೆಲಸವಿಲ್ಲದೆ ಖಾಲಿ ಕೂರುತ್ತೆ. ಇದನ್ನು ನೋಡಿದ ಆಪರೇಟಿಂಗ್ ಸಿಸ್ಟಮ್, 'ಓ, ಸಿಪಿಯು ಖಾಲಿ ಇದೆ' ಅಂತ ಇನ್ನೊಂದು ಪ್ರೋಗ್ರಾಂ ಒಳಗೆ ಬಿಡುತ್ತೆ. ಸಾಲು ಇನ್ನೂ ಉದ್ದ ಆಗುತ್ತೆ. ಡೆನಿಂಗ್ ಹೇಳಿದ್ದು ಇದಕ್ಕೆ ತದ್ವಿರುದ್ಧ: ಒಂದೆರಡನ್ನು ಹೊರಗೆ ಕಳಿಸಿ, ಉಳಿದವು ಓಡಲಿ.

ಈಗ ಡೊಂಬಿವಲಿಗೆ ಬರೋಣ. ನಮ್ಮ ಬಿಲ್ಡಿಂಗ್‌ನಲ್ಲಿ ಕುಂದಾಪುರ ಕಡೆಯವರೊಬ್ಬರು ಇದ್ದಾರೆ, ಸಣ್ಣ ಕ್ಯಾಂಟೀನ್ ನಡೆಸ್ತಾರೆ. ಮನೆಗೆಲ್ಲ ಒಂದೇ ಲ್ಯಾಪ್‌ಟಾಪ್, 2015ರದ್ದು: ಕ್ಯಾಂಟೀನ್ ಲೆಕ್ಕ ಅದರಲ್ಲೇ, ಮಗಳ ಸಿಎ ಪಾಠವೂ ಅದರಲ್ಲೇ. ಪರೀಕ್ಷೆಗೆ ಎರಡು ತಿಂಗಳಿದ್ದಾಗ ಆನ್‌ಲೈನ್ ಪಾಠ ತೆರೆಯೋಕೇ ಹತ್ತು ನಿಮಿಷ ಆಗ್ತಿತ್ತು. 'ಇದರ ಕತೆ ಮುಗೀತು ಮಾರಾಯ್ರೆ, ಸಾಲ ಮಾಡಿಯಾದ್ರೂ ಹೊಸದು ತೆಗೀಬೇಕು' ಅಂದರು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಮೆಮೊರಿ ಶೇಕಡಾ 91, ಡಿಸ್ಕ್ ಶೇಕಡಾ 100, ಸಿಪಿಯು ಬರೀ 12. ಡೆನಿಂಗ್ ಬರೆದ ಚಿತ್ರ ಹಾಗೇ ಕಣ್ಣ ಮುಂದೆ! ದುಡಿಯುವವನು ಖಾಲಿ ಕೂತಿದ್ದಾನೆ, ಏಣಿ ಮಾತ್ರ ಬಿಡುವಿಲ್ಲದೆ ಅಲ್ಲಾಡ್ತಿದೆ.

ಆ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5,400 ಸುತ್ತು ತಿರುಗುವಂಥದ್ದು. ಬೇಕಾದ ಜಾಗ ತಲೆಯ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 5.5 ಮಿಲಿಸೆಕೆಂಡ್. 1962ರ ಆ್ಯಟ್ಲಾಸ್ ಡ್ರಮ್‌ಗೆ ಎಷ್ಟು ಬೇಕಿತ್ತು? 6 ಮಿಲಿಸೆಕೆಂಡ್. ಐವತ್ತು ವರ್ಷದಲ್ಲಿ ಗಳಿಸಿದ್ದು ಅರ್ಧ ಮಿಲಿಸೆಕೆಂಡ್. ಡಿಸ್ಕ್‌ನಲ್ಲಿ ಹಿಡಿಸುವ ಮಾಲು ಲಕ್ಷಾಂತರ ಪಟ್ಟು ಹೆಚ್ಚಿತು ನಿಜ, ಆದರೆ ಲೋಹದ ತಟ್ಟೆ ತಿರುಗುವ ವೇಗಕ್ಕೆ ಮಿತಿ ಇದೆ. ಅದೇ ಹೊತ್ತಿಗೆ ಕಟ್ಟೆಯ ಕಡೆ, ಅಂದರೆ ಮೆಮೊರಿ, 2 ಮೈಕ್ರೋಸೆಕೆಂಡ್‌ನಿಂದ ಅದರ ಇಪ್ಪತ್ತನೇ ಒಂದು ಪಾಲಿಗೆ ಇಳಿದಿತ್ತು. ಆ್ಯಟ್ಲಾಸ್‌ನಲ್ಲಿ ಕಟ್ಟೆಗೂ ಅಟ್ಟಕ್ಕೂ ಮೂರು ಸಾವಿರ ಪಟ್ಟು ಅಂತರ ಇದ್ದರೆ, ಈ ಲ್ಯಾಪ್‌ಟಾಪಿನಲ್ಲಿ ಐವತ್ತು ಸಾವಿರ ಪಟ್ಟಿಗೂ ಹೆಚ್ಚು. ಏಣಿ ಹತ್ತಿದಾಗ ತೆರುವ ದಂಡ ಅಷ್ಟು ಬೆಳೆದಿದೆ.

ಲ್ಯಾಮಿಂಗ್ಟನ್ ರೋಡಿಗೆ ಹೋಗಿ 4 ಜಿಬಿಯ ಇನ್ನೊಂದು ರ‍್ಯಾಮ್, ಒಂದು ಎಸ್‌ಎಸ್‌ಡಿ ತಂದು ಹಾಕಿದೆವು. ಎಸ್‌ಎಸ್‌ಡಿಯಲ್ಲಿ ತಿರುಗೋದೇನೂ ಇಲ್ಲ, ಕಾಯೋದು ಹೆಚ್ಚುಕಮ್ಮಿ 0.1 ಮಿಲಿಸೆಕೆಂಡ್. ಎಲ್ಲ ಸೇರಿ ಮೂರೂವರೆ ಸಾವಿರ ರೂಪಾಯಿ. ಸಿಪಿಯು ಅದೇ, ಪರದೆ ಅದೇ. ಹುಡುಗಿ ಅದರಲ್ಲೇ ಓದಿ ಪರೀಕ್ಷೆ ಬರೆದಳು.

ಈ ಕಾಯಿಲೆಗೆ ಸುಳ್ಳು ಔಷಧಿ ಮಾರಿದವರ ಚರಿತ್ರೆಯೂ ಇದೆ. ವಿಂಡೋಸ್ 95ಕ್ಕೆ ಕನಿಷ್ಠ 4 ಎಂಬಿ ರ‍್ಯಾಮ್ ಬೇಕಿತ್ತು, ರ‍್ಯಾಮ್ ಆಗ ಬಲು ತುಟ್ಟಿ. ಸಿಂಕ್ರೊನಿಸ್ ಅನ್ನೋ ಅಮೆರಿಕನ್ ಕಂಪನಿ, ನಿಮ್ಮ ಮೆಮೊರಿಯನ್ನು ಇಮ್ಮಡಿ ಮಾಡ್ತೀವಿ ಅಂತ ಸಾಫ್ಟ್‌ರ‍್ಯಾಮ್ 95 ಹೆಸರಿನ ಪ್ರೋಗ್ರಾಂ ತಂದಿತು. ಆರು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟ ಆಯ್ತು. ಪರಿಣಿತರು ಬಿಚ್ಚಿ ನೋಡಿದರೆ ಮೆಮೊರಿ ಹಿಗ್ಗಿಸುವ ಕೆಲಸವೇ ಅದರೊಳಗೆ ನಡೀತಿರಲಿಲ್ಲ. ಅಮೆರಿಕದ ವ್ಯಾಪಾರ ಆಯೋಗ 1996ರಲ್ಲಿ ಕಂಪನಿ ಮೇಲೆ ಕ್ರಮ ತಗೊಂಡಿತು. ಇವತ್ತು ಉಚಿತವಾಗಿ ಸಿಗುವ 'ರ‍್ಯಾಮ್ ಕ್ಲೀನರ್'ಗಳಲ್ಲಿ ಹಲವು ಅದೇ ವಂಶದವು. ಇವು ಎಲ್ಲ ಪ್ರೋಗ್ರಾಂಗಳ ಪುಟಗಳನ್ನೂ ಮೆಮೊರಿಯಿಂದ ಆಚೆ ತಳ್ಳುತ್ತವೆ. ಶೇಕಡಾ 90 ಇದ್ದದ್ದು 50 ಆಗುತ್ತೆ, ನಮಗೆ ಖುಷಿ. ಆಮೇಲೆ ಅವೆಲ್ಲ ಒಂದೊಂದಾಗಿ ಅಟ್ಟದಿಂದ ವಾಪಸ್ ಬರಬೇಕು.

ಮೆಮೊರಿ ತುಂಬಿರೋದೇ ರೋಗ ಅನ್ನೋದೂ ತಪ್ಪು. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ, ಖಾಲಿ ಮೆಮೊರಿಗೆ ನಾವು ಹೆಚ್ಚಾಗಿ ಬಳಸುವ ಪ್ರೋಗ್ರಾಂಗಳನ್ನು ಮೊದಲೇ ತುಂಬಿಡೋ ಪದ್ಧತಿ ತಂದರು. ಖಾಲಿ ಜಾಗದ ಅಂಕಿ ಸೊನ್ನೆ ಹತ್ತಿರ ಬಂದಿದ್ದು ನೋಡಿ ಜನ ಗಾಬರಿ ಬಿದ್ದರು. ಬೇಕಾದಾಗ ಬಿಟ್ಟುಕೊಡುವ ಜಾಗ ಅದು, ಗಾಬರಿ ಬೇಕಿರಲಿಲ್ಲ. ಆದ್ದರಿಂದ ಬರೀ ಮೆಮೊರಿ ಶೇಕಡಾ ನೋಡಬೇಡಿ, ಡಿಸ್ಕ್ ಕಾಲಂ ಜೊತೆಗೆ ನೋಡಿ. ರಿಸೋರ್ಸ್ ಮಾನಿಟರ್‌ನಲ್ಲಿ ಹಾರ್ಡ್ ಫಾಲ್ಟ್ಸ್ ಅಂತ ಒಂದು ಸಾಲಿದೆ, ಸೆಕೆಂಡಿಗೆ ಎಷ್ಟು ಸಲ ಏಣಿ ಹತ್ತಿದ್ದು ಅನ್ನೋ ಲೆಕ್ಕ ಅದು. ಅದು ಸತತವಾಗಿ ನೂರಾರು ತೋರಿಸ್ತಿದ್ದರೆ ಡೆನಿಂಗ್ ಹೇಳಿದ ಕಾಯಿಲೆ. ಶಾಂತವಾಗಿದ್ದರೆ ಕಾರಣ ಬೇರೆ ಕಡೆ ಹುಡುಕಿ.

ತಂತ್ರಾಂಶ ಬರೆಯುವ ನಮ್ಮಂಥವರ ಪಾಲೂ ಇದರಲ್ಲಿ ಉಂಟು. ಯಂತ್ರ ವೇಗವಾಗುವುದಕ್ಕಿಂತ ಬೇಗ ತಂತ್ರಾಂಶ ನಿಧಾನ ಆಗ್ತಿದೆ ಅಂತ ನಿಕ್ಲಾಸ್ ವಿರ್ತ್ 1995ರಲ್ಲೇ ಬರೆದಿದ್ದರು. ಕನಿಷ್ಠ ರ‍್ಯಾಮ್ ವಿಂಡೋಸ್ ಎಕ್ಸ್‌ಪಿಗೆ 64 ಎಂಬಿ, ವಿಂಡೋಸ್ 11ಕ್ಕೆ 4 ಜಿಬಿ. ಇಪ್ಪತ್ತು ವರ್ಷದಲ್ಲಿ 64 ಪಟ್ಟು. ಆದರೆ ಎಲ್ಲವನ್ನೂ ದುಂದು ಅನ್ನೋಕೆ ನಾನು ಒಪ್ಪಲ್ಲ. 2008ರಲ್ಲಿ ಕ್ರೋಮ್ ಬಂದಾಗ ಟ್ಯಾಬ್‌ಗಳನ್ನು ಬೇರೆ ಬೇರೆ ಪ್ರೋಸೆಸ್‌ಗಳಲ್ಲಿ ಇಟ್ಟರು, ಒಂದು ಸತ್ತರೆ ಉಳಿದವು ಬದುಕಲಿ ಅಂತ. 2018ರಲ್ಲಿ ಸ್ಪೆಕ್ಟರ್ ಅನ್ನೋ ಸಿಪಿಯು ದೋಷ ಹೊರಬಿದ್ದ ಮೇಲೆ ಒಂದೊಂದು ಸೈಟನ್ನೂ ಬೇರ್ಪಡಿಸಿದರು, ಅದಕ್ಕೇ ಮೆಮೊರಿ ಶೇಕಡಾ 10ರಿಂದ 13 ಹೆಚ್ಚು ಬೇಕಾಗುತ್ತೆ ಅಂತ ಗೂಗಲ್ ಹೇಳಿತು. ನಿಮ್ಮ ಬ್ಯಾಂಕಿನ ಪುಟದ ಗುಟ್ಟು ಪಕ್ಕದ ಟ್ಯಾಬ್ ಕದಿಯದಿರಲಿ ಅಂತ ಕಟ್ಟುವ ಬಾಡಿಗೆ ಅದು. ನಾನಂತೂ ಕಟ್ಟುತ್ತೀನಿ.

ನನ್ನ ಸಿಟ್ಟು ಇರೋದು ಬೇರೆ ವಿಷಯಕ್ಕೆ. ಈಗ ಬರುವ ತೆಳ್ಳನೆ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟರಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಡೆನಿಂಗ್ ಕೊಟ್ಟ ದಾರಿ ಎರಡೇ, ಕೆಲಸ ಕಡಿಮೆ ಮಾಡಿ ಇಲ್ಲವೇ ಮೆಮೊರಿ ಹೆಚ್ಚಿಸಿ. ಬೆಸುಗೆ ಹಾಕಿದ ದಿನವೇ ಎರಡನೇ ದಾರಿ ಮುಚ್ಚಿಹೋಯ್ತು. ಕೊಳ್ಳುವಾಗ ಬಣ್ಣ, ತೂಕ ಆಮೇಲೆ ಕೇಳಿ, ರ‍್ಯಾಮ್ ಸ್ಲಾಟ್ ಎಷ್ಟಿದೆ, ಅದರಲ್ಲಿ ಖಾಲಿ ಎಷ್ಟು ಅಂತ ಮೊದಲು ಕೇಳಿ. ಸ್ಲಾಟೇ ಇಲ್ಲ ಅಂದರೆ 16 ಜಿಬಿಗಿಂತ ಕಡಿಮೆಯದನ್ನು ಮನೆಗೆ ತರಬೇಡಿ.