ಸಯಾಮಿನ ರೈಲುದಾರಿ ಮತ್ತು ಹೆಸರಿಲ್ಲದ ಕೂಲಿಗಳು

ಯುದ್ಧಗಳ ಚರಿತ್ರೆಯಲ್ಲಿ ಸೇನಾನಿಗಳ ಹೆಸರು ಬರುತ್ತದೆ, ಗೆದ್ದ ಕೋಟೆಗಳ ಹೆಸರು ಬರುತ್ತದೆ. ಯುದ್ಧಕ್ಕಾಗಿ ಮಣ್ಣು ಹೊತ್ತು ಸತ್ತ ಕೂಲಿಯ ಹೆಸರು ಬರುವುದು ಅಪೂರ್ವ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಯಾಂ, ಅಂದರೆ ಥೈಲೆಂಡ್ ದೇಶದಿಂದ ಬರ್ಮಾಕ್ಕೆ ಜಪಾನೀಯರು ಹಾಕಿಸಿದ ರೈಲುದಾರಿಯೇ ಇದಕ್ಕೆ ನಿದರ್ಶನ.

1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾಯಿತು. ಬರ್ಮಾದಲ್ಲಿದ್ದ ತಮ್ಮ ಸೈನ್ಯಕ್ಕೆ ಸಾಮಗ್ರಿ ಸಾಗಿಸಲು ಅವರಿಗೆ ಸಮುದ್ರಮಾರ್ಗ ಕ್ಷೇಮವೆನಿಸಲಿಲ್ಲ; ಶತ್ರುಗಳ ಸಬ್‌ಮೆರೀನುಗಳ ಭಯವಿತ್ತು. ಆದುದರಿಂದ ಕಾಡುಬೆಟ್ಟಗಳ ನಡುವೆ 415 ಕಿಲೋಮೀಟರು ಉದ್ದದ ದಾರಿಯನ್ನು ಹಾಕಿಸತೊಡಗಿದರು. ಗುದ್ದಲಿ, ಸುತ್ತಿಗೆ, ಬುಟ್ಟಿಗಳೇ ಮುಖ್ಯ ಉಪಕರಣಗಳು. ಹಾಗಿದ್ದೂ 1943ರ ಅಕ್ಟೋಬರಿನಲ್ಲಿ, ಒಂದೂವರೆ ವರ್ಷ ತುಂಬುವ ಮೊದಲೇ, ಕೆಲಸ ಮುಗಿಯಿತು.

ಸೆರೆಸಿಕ್ಕ ಬ್ರಿಟಿಷ್, ಆಸ್ಟ್ರೇಲಿಯನ್, ಡಚ್, ಅಮೆರಿಕನ್ ಸೈನಿಕರು 60,000ಕ್ಕೂ ಮಿಕ್ಕು ಅಲ್ಲಿ ದುಡಿದರು. 12,000ಕ್ಕೂ ಹೆಚ್ಚು ಮಂದಿ ಮಡಿದರು. 1957ರ ಪ್ರಸಿದ್ಧ ಚಲನಚಿತ್ರವೊಂದರಿಂದ ಇವರ ಕಥೆ ಲೋಕಕ್ಕೆ ತಿಳಿಯಿತು. ಆದರೆ ಇವರಿಗಿಂತ ಎಷ್ಟೋ ಹೆಚ್ಚು ಸಂಖ್ಯೆಯಲ್ಲಿದ್ದವರು ಏಷ್ಯದ ಕೂಲಿಗಳು: ಬರ್ಮೀಯರು, ಜಾವಾದವರು, ಮಲಯರು, ಚೀನೀಯರು, ಮಲಯಾದ ರಬ್ಬರು ತೋಟಗಳ ತಮಿಳರು. ಇವರಲ್ಲಿ ಸತ್ತವರು ಸುಮಾರು 90,000 ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಸೈನಿಕರ ಲೆಕ್ಕ ಲೆಕ್ಕವೇ. ಕೂಲಿಗಳದು ಮಾತ್ರ ಅಂದಾಜು!

ಯುದ್ಧದಿಂದಾಗಿ ರಬ್ಬರು ವ್ಯಾಪಾರ ಕುಸಿದು ತೋಟಗಳಲ್ಲಿ ಕೂಲಿ ತಪ್ಪಿಹೋಗಿತ್ತು. ಕೆಲವು ತಿಂಗಳ ಕೆಲಸ, ಒಳ್ಳೆಯ ಕೂಲಿ, ಊಟ ಎಂದು ಆಸೆ ತೋರಿಸಿ ತಮಿಳರನ್ನು ಕರೆದೊಯ್ದರು. ಆಸೆಗೆ ಒಲಿಯದವರನ್ನು ಬಲಾತ್ಕಾರದಿಂದ ಹಿಡಿದೊಯ್ದರು. ಹೆಂಡಿರು ಮಕ್ಕಳೊಡನೆ ಹೋದವರೂ ಉಂಟು. 1943ರ ಮಳೆಗಾಲದಲ್ಲಿ ಕಾಲರಾ ಹಬ್ಬಿತು. ಸೈನಿಕರಲ್ಲಿ ಅವರವರದೇ ವೈದ್ಯರಿದ್ದರು, ಶಿಸ್ತಿತ್ತು, ನೀರು ಕುದಿಸಿ ಕುಡಿಯುವ ಕಟ್ಟುನಿಟ್ಟಿತ್ತು. ಕೂಲಿಗಳ ಬಿಡಾರಗಳಲ್ಲಿ ಇದಾವುದೂ ಇರಲಿಲ್ಲ. ಹೆಣಗಳನ್ನು ಗುಂಡಿಗಳಲ್ಲಿ ಒಟ್ಟಿಗೆ ಹೂಳಿದರು.

ಇನ್ನೊಂದು ಭೇದವೂ ಇತ್ತು. ಸೈನಿಕರ ಅಧಿಕಾರಿಗಳು ಸತ್ತವರ ಹೆಸರು, ಹೂಳಿದ ಸ್ಥಳಗಳನ್ನು ಗುಟ್ಟಾಗಿ ಬರೆದಿಟ್ಟರು. ಆ ಬರಹಗಳ ನೆರವಿನಿಂದಲೇ ಯುದ್ಧಾನಂತರ ಸಾವಿರಾರು ಗೋರಿಗಳನ್ನು ಪತ್ತೆಹಚ್ಚಿದರು. ಇಂದು ಕಾಂಚನಬುರಿಯ ಸ್ಮಶಾನದಲ್ಲಿ ಸುಮಾರು 7,000 ಸೈನಿಕರ ಗೋರಿಗಳು ಸಾಲಾಗಿವೆ. ಕೂಲಿಗಳ ಪಟ್ಟಿಯನ್ನು ಯಾರೂ ಹಾಗೆ ಹಿಡಿದಿರಲಿಲ್ಲ. 1990ರಲ್ಲಿ ಅದೇ ಊರಿನ ಬಳಿ ನೆಲ ಅಗೆದಾಗ ನೂರಾರು ಮಂದಿಯ ಎಲುಬುಗಳು ದೊರೆತವು; ಹೆಸರು ಒಂದೂ ದೊರೆಯಲಿಲ್ಲ. 2023ರಲ್ಲಿ ಅಲ್ಲಿಯ ತಮಿಳರು ತಮ್ಮವರಿಗಾಗಿ ಒಂದು 'ನಡುಕಲ್' ನಿಲ್ಲಿಸಿದರು.

ನಡುಕಲ್ ಎಂದರೆ ನಮ್ಮ ವೀರಗಲ್ಲೇ. ಕನ್ನಡಿಗರಿಗೆ ಈ ಧರ್ಮ ಹೊಸದಲ್ಲ. ಹತ್ತನೆಯ ಶತಮಾನದ ಆತಕೂರಿನ ಕಲ್ಲನ್ನು ನೋಡಿರಿ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನು ರಾಜನಿಂದ ಬೇಡಿ ಪಡೆದದ್ದು ಕಾಳಿಯೆಂಬ ನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಕಲ್ಲು ನೆಡಿಸಿ, ಪೂಜೆಗೆ ಭೂಮಿಯನ್ನೂ ಬಿಡಿಸಿದನು. ಆ ನಾಯಿಯ ಹೆಸರು ಸಾವಿರ ವರ್ಷಗಳ ಮೇಲೂ ನಮಗೆ ಗೊತ್ತು. ನಿನ್ನೆ ಮೊನ್ನೆಯ 90,000 ಮನುಷ್ಯರ ಹೆಸರು ಗೊತ್ತಿಲ್ಲ. ನೆನಪು ತಾನಾಗಿ ಉಳಿಯುವುದಿಲ್ಲ. ಯಾರಾದರೂ ಬರೆದಿಟ್ಟರೆ ಉಳಿಯುತ್ತದೆ.

ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟವರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮ ಮನೆತನದಿಂದ ಮೊದಲು ಹೊರಟವರು ಯಾರು, ಯಾವ ಊರಿನವರು, ಯಾವ ವರ್ಷ ಇಲ್ಲಿಗೆ ಬಂದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡೋಣ. ರಾಜ್ಯೋತ್ಸವದ ದೀಪ ಹಚ್ಚುವಾಗ, ಹೀಗೆ ಬರೆಯುವವರಿಲ್ಲದೆ ಸಯಾಮಿನ ಕಾಡಿನಲ್ಲಿ ಮರೆಯಾದವರನ್ನೂ ಒಂದು ಕ್ಷಣ ನೆನೆಯೋಣ.