ಹಳೆಯ ಕಂಪ್ಯೂಟರಿಗೆ ಎಸ್‌ಎಸ್‌ಡಿ: ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು?

"ಹಳೆಯ ಲ್ಯಾಪ್‌ಟಾಪ್ ಮಾರಬೇಡಿ. ಒಂದು ಎಸ್‌ಎಸ್‌ಡಿ ಹಾಕಿಸಿ ಸಾಕು, ಹೊಸದರಂತೆ ಓಡುತ್ತದೆ!" ಇಂತಹ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತವೆ. ಅದರ ಬೆನ್ನಿಗೇ ಇನ್ನೊಂದು ಎಚ್ಚರಿಕೆಯೂ ಬರುತ್ತದೆ: "ಎಸ್‌ಎಸ್‌ಡಿ ನಂಬಬೇಡಿ. ಎರಡೇ ವರ್ಷಕ್ಕೆ ಕೆಡುತ್ತದೆ, ಫೋಟೋಗಳೆಲ್ಲ ಹೋಗುತ್ತವೆ."

ಮೊದಲನೆಯ ಸಂದೇಶದಲ್ಲಿ ಬಹುಪಾಲು ನಿಜವಿದೆ, ಎರಡನೆಯದರಲ್ಲಿ ಬಹುಪಾಲು ಸುಳ್ಳಿದೆ. ಆದರೆ ಎರಡೂ ಹೇಳದೆ ಬಿಟ್ಟ ಮಾತೊಂದಿದೆ. ನಿಮ್ಮ ಫೋಟೋ, ಕಡತಗಳಿಗೆ ಅಪಾಯ ಇರುವುದು ಎರಡು ವರ್ಷದ ನಂತರವಲ್ಲ, ಎಸ್‌ಎಸ್‌ಡಿ ಹಾಕಿಸುವ ದಿನವೇ!

ಹಳೆಯ ಕಂಪ್ಯೂಟರ್ ಏಕೆ ಅಷ್ಟು ನಿಧಾನ?

ಕಂಪ್ಯೂಟರ್ ಆನ್ ಮಾಡಿ, ಚಹಾ ಕುಡಿದು ಬಂದರೂ ಪರದೆಯ ಮೇಲೆ ಚುಕ್ಕಿಗಳು ಇನ್ನೂ ಸುತ್ತುತ್ತಿರುತ್ತವೆ. ಎಷ್ಟೋ ಸಲ ಇದರಲ್ಲಿ ಪ್ರಾಸೆಸರಿನ ತಪ್ಪೇನೂ ಇರುವುದಿಲ್ಲ. ಅದು ಕೆಲಸವಿಲ್ಲದೆ ಹಾರ್ಡ್ ಡಿಸ್ಕಿನ ದಾರಿ ಕಾಯುತ್ತಿರುತ್ತದೆ.

ಹಾರ್ಡ್ ಡಿಸ್ಕಿನ ಒಳಗೆ ಗ್ರಾಮಫೋನ್ ಪ್ಲೇಟಿನಂತೆ ತಿರುಗುವ ತಟ್ಟೆಗಳಿವೆ. ಅವುಗಳ ಮೇಲೆ ಒಂದು ತೋಳು ಅತ್ತಿತ್ತ ಓಡಾಡುತ್ತ ಮಾಹಿತಿಯನ್ನು ಓದುತ್ತದೆ, ಬರೆಯುತ್ತದೆ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ತೋಳು ಸರಿಯಾದ ಜಾಗಕ್ಕೆ ಸರಿಯಬೇಕು, ಬೇಕಾದ ಭಾಗ ತಿರುಗಿ ತೋಳಿನ ಕೆಳಗೆ ಬರಬೇಕು. ಇವೆರಡೂ ಸೇರಿದರೆ ಒಂದೊಂದು ಹುಡುಕಾಟಕ್ಕೆ ಹೆಚ್ಚುಕಡಿಮೆ 15 ಮಿಲಿಸೆಕೆಂಡು ಹಿಡಿಯುತ್ತದೆ.

ಇದು ಬಹಳ ಕಡಿಮೆ ಸಮಯ ಅನ್ನಿಸಬಹುದು. ಆದರೆ ವಿಂಡೋಸ್ ಶುರುವಾಗುವಾಗ ಬೇಕಾಗುವುದು ಒಂದು ದೊಡ್ಡ ಕಡತವಲ್ಲ, ಅಲ್ಲಲ್ಲಿ ಚದುರಿರುವ ಸಾವಿರಾರು ಚಿಕ್ಕ ಕಡತಗಳು. ಸೆಕೆಂಡಿಗೆ ನೂರು ಹುಡುಕಾಟವನ್ನೂ ಮಾಡಲಾಗದ ಯಂತ್ರಕ್ಕೆ ಇದು ನಿಮಿಷಗಟ್ಟಲೆ ಕೆಲಸ.

ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಅದರಲ್ಲಿರುವುದು ಫ್ಲ್ಯಾಶ್ ಮೆಮೊರಿ ಚಿಪ್‌ಗಳು. ನಿಮ್ಮ ಕೈಯಲ್ಲಿರುವ ಸ್ಮಾರ್ಟ್‌ಫೋನಿನಲ್ಲಿ ಫೋಟೋ, ಆ್ಯಪ್‌ಗಳು ಉಳಿಯುವುದೂ ಇದೇ ಬಗೆಯ ಮೆಮೊರಿಯಲ್ಲಿ. ಇದನ್ನು ರೂಪಿಸಿದವರು ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುಓಕಾ. ಚಿಪ್‌ನಲ್ಲಿರುವ ಕೋಟ್ಯಂತರ ಪುಟ್ಟ ಕೋಶಗಳಲ್ಲಿ ವಿದ್ಯುದಾವೇಶವನ್ನು ಹಿಡಿದಿಟ್ಟು ಮಾಹಿತಿಯನ್ನು ಉಳಿಸಲಾಗುತ್ತದೆ. ಯಾವ ಕೋಶವನ್ನು ಓದಲೂ ಸುಮಾರು 0.1 ಮಿಲಿಸೆಕೆಂಡು ಸಾಕು. ಹಾರ್ಡ್ ಡಿಸ್ಕಿನ 15 ಎಲ್ಲಿ, 0.1 ಎಲ್ಲಿ! ಹಳೆಯ ಕಂಪ್ಯೂಟರ್ ಚುರುಕಾಗುವುದರ ಗುಟ್ಟು ಇಷ್ಟೇ.

ಎಲ್ಲವೂ ವೇಗವಾಗುತ್ತದೆಯೇ?

ಇಲ್ಲ. ಕಂಪ್ಯೂಟರ್ ಆನ್ ಆಗುವುದು, ತಂತ್ರಾಂಶಗಳು ತೆರೆದುಕೊಳ್ಳುವುದು, ಕಡತ ಹುಡುಕುವುದು, ಅಪ್‌ಡೇಟ್ ಆಗುವುದು ಚೆನ್ನಾಗಿ ವೇಗ ಪಡೆಯುತ್ತವೆ. ಇಂಟರ್‌ನೆಟ್ ವೇಗ ಹೆಚ್ಚುವುದಿಲ್ಲ. ವಿಡಿಯೋ ಸಂಕಲನದ ಕೊನೆಗೆ ಅದನ್ನು ರೆಂಡರ್ ಮಾಡುವ ಕೆಲಸ, ದೊಡ್ಡ ಆಟಗಳ ಗ್ರಾಫಿಕ್ಸ್ ಮುಂತಾದವು ಪ್ರಾಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿಗೆ ಸೇರಿದ್ದು. ಅಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ನೀವೇ ಒಂದು ಪರೀಕ್ಷೆ ಮಾಡಬಹುದು. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಡಿಸ್ಕ್ ಯಾವ ಬಗೆಯದ್ದು ಎಂದು ಬರೆದಿರುತ್ತದೆ. ಈಗಾಗಲೇ ಎಸ್‌ಎಸ್‌ಡಿ ಇದೆ ಎಂದಾದರೆ ಮತ್ತೊಂದಕ್ಕೆ ಹಣ ಸುರಿದು ಹೆಚ್ಚು ಉಪಯೋಗವಿಲ್ಲ. ಹಾರ್ಡ್ ಡಿಸ್ಕ್ ಇದ್ದು, ಕಂಪ್ಯೂಟರ್ ಒದ್ದಾಡುವಾಗ ಡಿಸ್ಕಿನ ಬಳಕೆ 100 ಶೇಕಡಾದ ಹತ್ತಿರವೇ ನಿಂತಿದ್ದರೆ ಎಸ್‌ಎಸ್‌ಡಿಯಿಂದ ಖಂಡಿತ ಲಾಭವಿದೆ. ಮೆಮೊರಿಯೂ ಸದಾ ತುಂಬಿಕೊಂಡಿದ್ದರೆ ರ‍್ಯಾಮ್ ಕೂಡ ಸಾಲುತ್ತಿಲ್ಲ ಎಂದರ್ಥ. 4 ಜಿಬಿ ರ‍್ಯಾಮ್ ಇರುವ ಕಂಪ್ಯೂಟರಿಗೆ ಎಸ್‌ಎಸ್‌ಡಿ ಜೊತೆಗೆ ರ‍್ಯಾಮನ್ನೂ 8 ಜಿಬಿಗೆ ಏರಿಸುವುದು ಒಳ್ಳೆಯದು.

ಇನ್ನೊಂದು ವಿಷಯ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬಹಳ ಹಳೆಯ ಪ್ರಾಸೆಸರ್ ಇರುವ ಕಂಪ್ಯೂಟರಿಗೆ ವಿಂಡೋಸ್ 11ರ ಅರ್ಹತೆ ಇರುವುದಿಲ್ಲ, ಎಸ್‌ಎಸ್‌ಡಿ ಹಾಕಿದ ಮಾತ್ರಕ್ಕೆ ಆ ಅರ್ಹತೆ ಬರುವುದೂ ಇಲ್ಲ.

ಯಾವ ಬಗೆಯದ್ದು ಕೊಳ್ಳಬೇಕು?

ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇರುವುದು 2.5 ಇಂಚಿನ ಸಾಟಾ ಡಿಸ್ಕ್. ಅದನ್ನು ತೆಗೆದು ಅದೇ ಜಾಗದಲ್ಲಿ ಸಾಟಾ ಎಸ್‌ಎಸ್‌ಡಿ ಕೂರಿಸಬಹುದು. ಇದರ ವೇಗ ಸೆಕೆಂಡಿಗೆ ಗರಿಷ್ಠ 550 ಎಂಬಿ ಆಸುಪಾಸು.

ಸ್ವಲ್ಪ ಹೊಸ ಯಂತ್ರಗಳಲ್ಲಿ ಎಂ.2 ಎಂಬ ಕಿಂಡಿ ಇರುತ್ತದೆ. ಇದಕ್ಕೆ ಹೊಂದುವ ಎಸ್‌ಎಸ್‌ಡಿ ನೋಡಲು ಚ್ಯೂಯಿಂಗ್ ಗಮ್ ಪಟ್ಟಿಯಂತಿರುತ್ತದೆ. ಮೇಲೆ 2280 ಎಂದಿದ್ದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಎಂದರ್ಥ. ಇಲ್ಲೇ ಅನೇಕರು ಎಡವುವುದು. ಎಂ.2 ಎನ್ನುವುದು ಆಕಾರದ ಹೆಸರು ಮಾತ್ರ. ಅದೇ ಆಕಾರದಲ್ಲಿ ಸಾಟಾ ಮತ್ತು ಎನ್‌ವಿಎಂಇ ಎರಡೂ ಸಿಗುತ್ತವೆ. ಕೆಲವು ಕಂಪ್ಯೂಟರ್‌ಗಳು ಎರಡರಲ್ಲಿ ಒಂದನ್ನು ಮಾತ್ರ ಒಪ್ಪುತ್ತವೆ. ನಿಮ್ಮ ಮಾಡೆಲ್ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ನೋಡಿಯೇ ಕೊಳ್ಳಿ.

ಎನ್‌ವಿಎಂಇ ಸೆಕೆಂಡಿಗೆ 3,000 ಎಂಬಿಗಿಂತಲೂ ಹೆಚ್ಚು ಓದಬಲ್ಲದು. ಹಾಗೆಂದು ದಿನನಿತ್ಯದ ಕೆಲಸ ಸಾಟಾಗಿಂತ ಆರು ಪಟ್ಟು ವೇಗವಾದಂತೆ ಅನ್ನಿಸುವುದಿಲ್ಲ. ಹಾರ್ಡ್ ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಕಾಣುವ ಬದಲಾವಣೆಯೇ ದೊಡ್ಡದು.

ಅಗ್ಗದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸಂಗ್ರಹದ ಚಿಪ್ ಅನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅದನ್ನು ಬಿಚ್ಚಿ ಬದಲಿಸಲು ಬರುವುದಿಲ್ಲ.

ಅತಿ ಮುಖ್ಯವಾದದ್ದು: ಹಾಕಿಸುವ ದಿನದ ಎಚ್ಚರ

"ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಏನೂ ಆಗುವುದಿಲ್ಲ, ನಮ್ಮ ಕಡತಗಳೆಲ್ಲ ಡಿ ಡ್ರೈವ್‌ನಲ್ಲಿವೆ" ಎಂಬ ನಂಬಿಕೆ ಬಹಳ ಜನರಲ್ಲಿದೆ. ಆದರೆ ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದು, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಫೋಲ್ಡರುಗಳಲ್ಲಿ ಇರುವುದು, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ಇವೆಲ್ಲ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆ. ಲೆಕ್ಕಪತ್ರದ ತಂತ್ರಾಂಶಗಳ ಡೇಟಾ ಕೂಡ ಅಲ್ಲೇ ಇರಬಹುದು. ಮಗುವಿನ ನಾಮಕರಣದ ಫೋಟೋಗಳಿರುವ ಫೋಲ್ಡರ್ ಡೆಸ್ಕ್‌ಟಾಪ್ ಮೇಲಿದ್ದರೆ, ಫಾರ್ಮ್ಯಾಟ್ ಮಾಡಿದಾಗ ಅದೂ ಹೋಗುತ್ತದೆ.

ಸಮಾಧಾನದ ಸಂಗತಿಯೆಂದರೆ, ಎಸ್‌ಎಸ್‌ಡಿ ಹಾಕಲು ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ಅಗತ್ಯವೇ ಇಲ್ಲ! ಹೊಸ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಹಾಕಿಸಿ, ಹಳೆಯ ಡಿಸ್ಕನ್ನು ಹಾಗೇ ತೆಗೆದು ಬದಿಗಿಡಿ. ಅಂಗಡಿಯಲ್ಲಿ ಕೆಲಸ ಮಾಡಿಸುವುದಾದರೆ "ಹಳೆಯ ಡಿಸ್ಕ್ ಮುಟ್ಟಬೇಡಿ, ನನಗೆ ವಾಪಸ್ ಕೊಡಿ" ಎಂದು ಮೊದಲೇ ಹೇಳಿ. ಅದನ್ನು ಸಾಟಾ-ಯುಎಸ್‌ಬಿ ಕೇಬಲ್ ಮೂಲಕ ಜೋಡಿಸಿ ಬೇಕಾದ ಕಡತಗಳನ್ನು ನಿಧಾನವಾಗಿ ನಕಲು ಮಾಡಿಕೊಳ್ಳಬಹುದು.

ಎಲ್ಲವೂ ಇದ್ದ ಹಾಗೆಯೇ ಬೇಕೆಂದರೆ ಕ್ಲೋನ್ ಮಾಡಿಸಬಹುದು. ಅಂದರೆ ಹಳೆಯ ಡಿಸ್ಕಿನ ಪಡಿಯಚ್ಚು ಹೊಸದರಲ್ಲಿ. ಅದಕ್ಕೆ ಹಳೆಯದರಲ್ಲಿ ತುಂಬಿರುವಷ್ಟು ಜಾಗವಾದರೂ ಹೊಸದರಲ್ಲಿ ಇರಬೇಕು. ಹಳೆಯ ಡಿಸ್ಕ್ ಟಕಟಕ ಸದ್ದು ಮಾಡುತ್ತಿದ್ದರೆ ಕ್ಲೋನ್‌ಗೆ ಮೊದಲು ಮುಖ್ಯ ಕಡತಗಳನ್ನಷ್ಟೇ ಬೇರೆಡೆಗೆ ಉಳಿಸಿಕೊಳ್ಳಿ. ಕ್ಲೋನ್ ನಡೆಯುತ್ತಿರುವಾಗಲೇ ಆ ಡಿಸ್ಕ್ ಕೈಕೊಡಬಹುದು.

ಇನ್ನೆರಡು ವಿಷಯ ನೆನಪಿಡಿ. ಒಂದು, ನಿಮ್ಮ ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ ಎಂಬ ಬೀಗ ಚಾಲೂ ಇರಬಹುದು. ಹಾಗಿದ್ದರೆ ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿದಾಗ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದನ್ನು ಮೊದಲೇ ಹುಡುಕಿ ಬರೆದಿಟ್ಟುಕೊಳ್ಳಿ. ಎರಡು, ನುಡಿ ಅಥವಾ ಬರಹದಲ್ಲಿ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ ಹಳೆಯ ಕಡತಗಳು ಹೊಸ ವಿಂಡೋಸ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತವೆ. ಕಡತ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೆ. ಆ ತಂತ್ರಾಂಶವನ್ನು ಮತ್ತೆ ಹಾಕಿಕೊಂಡರೆ ಕನ್ನಡ ಮರಳಿ ಬರುತ್ತದೆ.

ಫಾರ್ವರ್ಡ್‌ಗಳ ಪರೀಕ್ಷೆ

"ಎಸ್‌ಎಸ್‌ಡಿ ಎರಡು ವರ್ಷಕ್ಕೆ ಸವೆಯುತ್ತದೆ." ಫ್ಲ್ಯಾಶ್ ಕೋಶಗಳಿಗೆ ಇಷ್ಟು ಸಲ ಬರೆಯಬಹುದು ಎಂಬ ಮಿತಿ ಇರುವುದು ನಿಜ. ಈ ಮಿತಿಯನ್ನು ತಯಾರಕರು ಟಿಬಿಡಬ್ಲ್ಯು ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಒಂದು ಡಿಸ್ಕಿಗೆ ಅದು 150 ಎಂದುಕೊಳ್ಳೋಣ, ಅಂದರೆ ಒಟ್ಟು 150 ಟಿಬಿ ಬರೆಯಬಹುದು. ದಿನಕ್ಕೆ 20 ಜಿಬಿ ಬರೆದರೆ ವರ್ಷಕ್ಕೆ 7.3 ಟಿಬಿ. ಮಿತಿ ಮುಟ್ಟಲು ಇಪ್ಪತ್ತು ವರ್ಷ ಬೇಕು! ಹಾಗೆಂದು ಕೆಡುವುದೇ ಇಲ್ಲ ಎಂದಲ್ಲ. ಎಲೆಕ್ಟ್ರಾನಿಕ್ ದೋಷದಿಂದ ಎಸ್‌ಎಸ್‌ಡಿ ಯಾವ ಸೂಚನೆಯೂ ಇಲ್ಲದೆ ನಿಂತುಹೋಗಬಹುದು.

"ಕರೆಂಟ್ ಇಲ್ಲದೆ ಒಂದು ವಾರ ಇಟ್ಟರೆ ಡೇಟಾ ಅಳಿಸಿಹೋಗುತ್ತದೆ." ಇದು 2015ರಲ್ಲಿ ಹಬ್ಬಿದ ಸುದ್ದಿ. ಬರೆಯುವ ಮಿತಿ ಮುಗಿದ, ಬಹಳ ಬಿಸಿಯಲ್ಲಿ ಇಟ್ಟ ಡಿಸ್ಕುಗಳ ಲೆಕ್ಕವನ್ನು ಎಲ್ಲ ಎಸ್‌ಎಸ್‌ಡಿಗೂ ಅನ್ವಯಿಸಿದ್ದರಿಂದ ಆದ ಗೊಂದಲ. ಜೆಡೆಕ್ ಮಾನದಂಡದ ಪ್ರಕಾರ, ಸಾಮಾನ್ಯ ಬಳಕೆಯ ಎಸ್‌ಎಸ್‌ಡಿ ತನ್ನ ಬರೆಯುವ ಮಿತಿ ಮುಟ್ಟಿದ ಮೇಲೂ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಡೇಟಾ ಉಳಿಸಿಕೊಳ್ಳಬೇಕು. ಆದರೂ ವರ್ಷಗಟ್ಟಲೆ ಬೀರುವಿನಲ್ಲಿಟ್ಟು ಮರೆಯುವ ಏಕೈಕ ಪ್ರತಿಗೆ ಎಸ್‌ಎಸ್‌ಡಿ ಸೂಕ್ತವಲ್ಲ.

"500 ಜಿಬಿ ಎಂದು ಕೊಟ್ಟು ಮೋಸ ಮಾಡಿದರು, 465 ಮಾತ್ರ ತೋರಿಸುತ್ತಿದೆ." ಇದು ಮೋಸವಲ್ಲ. ತಯಾರಕರ ಲೆಕ್ಕದಲ್ಲಿ ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್. ವಿಂಡೋಸ್ 1024ರ ಗುಣಕಗಳಲ್ಲಿ ಎಣಿಸುತ್ತದೆ. ಸಾಮಾನು ಅಷ್ಟೇ ಇದೆ, ಅಳೆಯುವ ಸೇರು ಬೇರೆ.

"ಎಸ್‌ಎಸ್‌ಡಿಯನ್ನೂ ಆಗಾಗ ಡಿಫ್ರ್ಯಾಗ್ ಮಾಡಬೇಕು." ಬೇಡ. ಡಿಫ್ರ್ಯಾಗ್ ಇರುವುದು ಹಾರ್ಡ್ ಡಿಸ್ಕಿನ ತೋಳಿನ ಓಡಾಟ ಕಡಿಮೆ ಮಾಡಲು. ಎಸ್‌ಎಸ್‌ಡಿಗೆ ಬೇಕಾದ ಟ್ರಿಮ್ ಎಂಬ ನಿರ್ವಹಣೆಯನ್ನು ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ.

"16 ಟಿಬಿ ಎಸ್‌ಎಸ್‌ಡಿ ಬರೀ ಎರಡು ಸಾವಿರಕ್ಕೆ, ಇಂದೇ ಕೊನೆಯ ದಿನ!" ಇದು ಅಪ್ಪಟ ಮೋಸ. ಇಂತಹ ಪೆಟ್ಟಿಗೆಗಳನ್ನು ಬಿಚ್ಚಿ ನೋಡಿದಾಗ ಒಳಗೆ ಚಿಕ್ಕ ಮೆಮೊರಿ ಕಾರ್ಡುಗಳನ್ನು ಅಂಟಿಸಿಟ್ಟಿರುವುದು ಕಂಡುಬಂದಿದೆ. ಕಂಪ್ಯೂಟರಿಗೆ 16 ಟಿಬಿ ಎಂದು ಸುಳ್ಳು ಹೇಳುವಂತೆ ಅವನ್ನು ತಿದ್ದಿರುತ್ತಾರೆ. ನಿಜವಾದ ಜಾಗ ತುಂಬಿದ ಮೇಲೂ ನಕಲು ಆಗುತ್ತಿರುವಂತೆ ಕಾಣುತ್ತದೆ, ತೆರೆಯಲು ಹೋದರೆ ಕಡತಗಳು ಸಿಗುವುದಿಲ್ಲ. ಅನುಮಾನ ಬಂದರೆ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಡಿಸ್ಕಿನ ನಿಜವಾದ ಗಾತ್ರ ಪರೀಕ್ಷಿಸಬಹುದು.

ಹಳೆಯ ಡಿಸ್ಕನ್ನು ಏನು ಮಾಡಬೇಕು?

ಕನಿಷ್ಠ ಒಂದೆರಡು ತಿಂಗಳು ಹಾಗೇ ಇಟ್ಟುಕೊಳ್ಳಿ. ಮರೆತ ಕಡತ ನೆನಪಾಗುವುದು ಆಮೇಲೆಯೇ. ಡಿಸ್ಕ್ ಇನ್ನೂ ಚೆನ್ನಾಗಿದ್ದರೆ ಯುಎಸ್‌ಬಿ ಕೇಸಿಗೆ ಹಾಕಿ ಬ್ಯಾಕಪ್‌ಗೆ ಬಳಸಬಹುದು. ಮಾರುವುದಾದರೆ ಕ್ವಿಕ್ ಫಾರ್ಮ್ಯಾಟ್ ಸಾಲದು. ಅದು ಪುಸ್ತಕದ ಪರಿವಿಡಿ ಹರಿದಂತೆ, ಪುಟಗಳು ಒಳಗೇ ಉಳಿದಿರುತ್ತವೆ. ಆಧಾರ್, ಬ್ಯಾಂಕ್ ಕಾಗದಗಳಿದ್ದ ಡಿಸ್ಕನ್ನು ಪೂರ್ತಿ ಅಳಿಸುವ ತಂತ್ರಾಂಶದಿಂದ ಅಳಿಸಿಯೇ ಕೊಡಿ.

ಎಸ್‌ಎಸ್‌ಡಿಯಲ್ಲಿ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಟ್ರಿಮ್ ಕಾರಣದಿಂದ, ಕೈತಪ್ಪಿ ಅಳಿಸಿದ ಕಡತ ಬಹಳ ಸಲ ಮರಳಿ ಸಿಗುವುದೇ ಇಲ್ಲ. ಹಾಗಾಗಿ ಎಸ್‌ಎಸ್‌ಡಿಗೆ ಬಂದವರಿಗೆ ಬ್ಯಾಕಪ್ ಮೊದಲಿಗಿಂತ ಹೆಚ್ಚು ಮುಖ್ಯ.

ಹಾರ್ಡ್ ಡಿಸ್ಕ್ ಇರುವ ಹಳೆಯ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿಸುವುದು ಕೆಲವೇ ಸಾವಿರ ರೂಪಾಯಿಗಳಲ್ಲಿ ಆಗುವ ಒಳ್ಳೆಯ ದುರಸ್ತಿ. "ಹಾಕಿಸಿ" ಎಂಬ ಸಂದೇಶವನ್ನು ಫಾರ್ವರ್ಡ್ ಮಾಡುವಾಗ ಇದೊಂದು ಸಾಲನ್ನೂ ಸೇರಿಸಿ ಕಳಿಸಿ: ಮೊದಲು ಕಡತಗಳ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ, ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಲು ಬಿಡಬೇಡಿ.